ಹಗೇವಿಗೆ ಎರಡು ಚಾವಿ

ಮೂವತ್ತು ಸೆಕೆಂಡು ಎಂದರೆ ಎಷ್ಟು ಹೊತ್ತು ಎಂಬುದು ಬೀದರಿನಲ್ಲಿ ನನ್ನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿಲ್ಲ. ಇದು ಜಂಬದ ಮಾತಲ್ಲ. ಚೌಬಾರಾದ ಹತ್ತಿರ ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತ ಕೂತಿದ್ದೇನೆ. ಮೂವತ್ತು ಸೆಕೆಂಡಿನಲ್ಲಿ ಕೈಗಡಿಯಾರದ ಒಂದು ಸ್ಕ್ರೂ ಬಿಚ್ಚಬಹುದು. ಅದು ಕೈಜಾರಿ ನೆಲಕ್ಕೆ ಬಿದ್ದರೆ ಹುಡುಕಲು ಅರ್ಧ ದಿನ ಬೇಕು. ಆದರೆ ಅದೇ ಮೂವತ್ತು ಸೆಕೆಂಡಿನಲ್ಲಿ ಔರಾದಿನಿಂದ ಭಾಲ್ಕಿಗೆ ಆರು ಅಂಕಿ ದಾಟಿಸಲು ಸಾಧ್ಯವೇ ಎಂಬ ಘನವಾದ ಪ್ರಶ್ನೆ ನನ್ನ ಮುಂದೆ ಬಂದದ್ದು ಪಕ್ಕದ ಅಂಗಡಿಯ ಹಾವಗೆಪ್ಪನಿಂದ.

ಹಾವಗೆಪ್ಪ ಐವತ್ತೆರಡರ ಮನುಷ್ಯ. ಝೆರಾಕ್ಸು, ಟೈಪಿಂಗು, ಪಹಣಿ ಪ್ರಿಂಟು, ಲಗ್ನದ ಕಾರ್ಡು, ಎಲ್ಲವೂ ಅವನಲ್ಲಿ ಆಗುತ್ತವೆ. ಲಗ್ನದ ಕಾರ್ಡು ಎಂದದ್ದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಇಷ್ಟು ಸಾಲದೆಂದು ಅವನು ತಾನೇ ಓದಿ, ತಾನೇ ಕಲಿತು, ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಬರೆದಿದ್ದ. ನಿಮ್ಮ ಕಂಪ್ಯೂಟರಿನಲ್ಲಿರುವ ಫೋಟೊ, ಹಾಡು, ಕಾಗದಪತ್ರಗಳನ್ನೆಲ್ಲ ಅದು ಕ್ಲೌಡಿಗೆ, ಅಂದರೆ ಎಲ್ಲೋ ದೂರದ ಕಂಪನಿಯೊಂದರ ದೊಡ್ಡ ಕಂಪ್ಯೂಟರಿಗೆ, ತಾನಾಗಿಯೇ ಏರಿಸುತ್ತದೆ, ಬೇಕೆಂದಾಗ ಇಳಿಸಿಕೊಡುತ್ತದೆ. ಹಿಂದಿನವರು ನೆಲ ತೋಡಿ ಜೋಳ ತುಂಬಿಡುತ್ತಿದ್ದ ಹಗೇವಿನ ನೆನಪಿಗೆ ಅದಕ್ಕೆ ‘ಹಗೇವು’ ಎಂದೇ ಹೆಸರಿಟ್ಟಿದ್ದ. ಬಳಸುವವರು ಐದೇ ಜನ: ಅವನು, ಭಾಲ್ಕಿಯಲ್ಲಿ ದಾಲ್ ವ್ಯಾಪಾರ ಮಾಡುವ ಅವನ ಅಣ್ಣ ಮಡೆಪ್ಪ, ಔರಾದಿಗೆ ಕೊಟ್ಟ ಅಕ್ಕ ಶಿವಕಾಂತಾ, ಎದುರಿನ ಫೋಟೊ ಸ್ಟುಡಿಯೋದ ರತ್ನದೀಪ, ಮತ್ತು ನಾನು. ನಾನು ಮೂರು ಹಳೆಯ ಗಡಿಯಾರಗಳ ಚಿತ್ರ ಇಟ್ಟಿದ್ದೇನೆ. ಒಮ್ಮೆಯೂ ತೆಗೆದು ನೋಡಿಲ್ಲ.

ಅಣ್ಣ, ಅಕ್ಕ, ತಮ್ಮ, ಮೂವರಿಗೂ ಸೇರಿ ಒಂದೇ ಖಾತೆ. ಅದರಲ್ಲಿ ಒಂದು ವಸ್ತು ಮಾತ್ರ ಬೆಲೆ ಕಟ್ಟಲಾಗದ್ದು. ಅವರ ತಾಯಿ ಭೀಮಬಾಯಿ ಹಾಡಿದ ಜೋಗುಳ. ಹನ್ನೊಂದು ವರ್ಷದ ಹಿಂದೆ ಶಿವಕಾಂತಾಳ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ಹಾವಗೆಪ್ಪ ಅದನ್ನು ಫೋನಿನಲ್ಲಿ ಹಿಡಿದಿದ್ದ. ಆ ಮನೆತನದ ಒಂದು ಕೂಸೂ ಭೀಮಬಾಯಿಯ ಹಾಡಿಲ್ಲದೆ ತೊಟ್ಟಿಲು ಕಂಡಿರಲಿಲ್ಲ. ಆಕೆ ತೀರಿಕೊಂಡು ಎಂಟು ವರ್ಷವಾಯಿತು. ಹಗೇವಿನಲ್ಲಿ ಇಟ್ಟ ಮೇಲೆ ಅಂಗಳದಲ್ಲಿ ಯಾಕೆ ಕಾಳು ಎಂದು ಹಾವಗೆಪ್ಪ ತನ್ನ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಅಳಿಸಿಹಾಕಿದ್ದ.

ಹೀಗಿರುವಾಗ ಕ್ಲೌಡಿನ ಕಂಪನಿಯಿಂದ ಪತ್ರ ಬಂತು. ಬರುವ ತಿಂಗಳಿಂದ ಬರೀ ಪಾಸ್‌ವರ್ಡಿಗೆ ಬಾಗಿಲು ತೆರೆಯುವುದಿಲ್ಲ, ಎರಡನೆಯ ಪುರಾವೆಯೂ ಬೇಕು, ನಿಮ್ಮ ಪ್ರೋಗ್ರಾಮಿಗೆ ಅದು ಬರದಿದ್ದರೆ ಅದು ನಿಂತುಹೋಗುತ್ತದೆ ಎಂದು.

“ಅದರಾಗೇನದರಿ?” ಎಂದ ರತ್ನದೀಪ. “ಫೋನಿನ್ಯಾಗ ಒಂದು ಆ್ಯಪ್ ಹಾಕೋದು. ಮೂವತ್ತು ಸೆಕೆಂಡಿಗೊಮ್ಮಿ ಹೊಸಾ ಆರು ಅಂಕಿ ತೋರಸ್ತದ. ಪಾಸ್‌ವರ್ಡೂ ನೀವೇ ಹೊಡೀರಿ, ಅಂಕಿನೂ ನೀವೇ ಹೊಡೀರಿ. ಮುಗೀತು.”

ಹಾವಗೆಪ್ಪ ಅವನನ್ನು ಕನಿಕರದಿಂದ ನೋಡಿದ. “ಎರಡೂ ಚಾವಿ ಒಂದೇ ಉಡದಾರಕ್ಕ ಕಟ್ಟಿದ್ರ ಎರಡು ಕೀಲಿ ಯಾಕ ಬೇಕೋ ರತ್ನದೀಪ? ಇದು ನಿಮ್ಮ ಕಂಪನಿಯವರಿಗೆ ಹೊಸಾದು. ನಮ್ಮವ್ವಗ ಹಳೇದು.”

ಭೀಮಬಾಯಿಗೆ ಒಂದು ತಗಡಿನ ಟ್ರಂಕು ಇತ್ತು. ಅದಕ್ಕೆ ಎರಡು ಕೀಲಿ, ಅಂದರೆ ಬೀಗ. ಒಂದರ ಚಾವಿ ಹಿರಿಮಗ ಮಡೆಪ್ಪನ ಹತ್ತಿರ, ಇನ್ನೊಂದರದು ಮಗಳು ಶಿವಕಾಂತಾಳ ಹತ್ತಿರ. ಹಬ್ಬಕ್ಕೋ ಹುಣ್ಣಿಮೆಗೋ ಟ್ರಂಕು ತೆಗೆಯಬೇಕಾದರೆ ಇಬ್ಬರೂ ಬರಬೇಕು. ಕಿರಿಯವನಾದ ಹಾವಗೆಪ್ಪನಿಗೆ ಚಾವಿ ಇರಲಿಲ್ಲ, ಕೊಟ್ಟರೆ ಕಳೆದುಬಿಡುತ್ತಾನೆ ಎಂದು. ಹೆಚ್ಚಿನ ಚಾವಿಯೊಂದಿತ್ತು, ಅದನ್ನು ಭೀಮಬಾಯಿ ಎಲ್ಲರ ಎದುರಿಗೇ ಬಾವಿಗೆ ಒಗೆದಿದ್ದಳಂತೆ. ಈಗ ಆ ಟ್ರಂಕು ಹಾವಗೆಪ್ಪನ ಅಂಗಡಿಯಲ್ಲಿ ಝೆರಾಕ್ಸ್ ಮಶೀನನ್ನು ಹೊತ್ತು ನಿಂತಿದೆ.

ಹನ್ನೊಂದು ದಿನ ಹಾವಗೆಪ್ಪ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಆಧಾರ್ ಝೆರಾಕ್ಸಿಗೆ ಬಂದವರನ್ನು ನಾನೇ ಸಂಭಾಳಿಸಿದೆ, ಎರಡು ಸಲ ಹಿಂದಿನ ಬದಿ ಮಾತ್ರ ಬಂತು. ಹನ್ನೆರಡನೆಯ ದಿನ ಹಗೇವಿಗೆ ಎರಡನೆಯ ಕೀಲಿ ಕೂತಿತು. ಅವನು ಮೊದಲು ಭಾಲ್ಕಿಗೆ ಹೋಗಿ ಅಣ್ಣನ ಕೈಯಿಂದ ಹೊಸ ಪಾಸ್‌ವರ್ಡು ಹೊಡೆಸಿದ. ಅಣ್ಣ ಹೊಡೆಯುವಾಗ ಇವನು ಗೋಡೆಯ ಕಡೆ ಮುಖ ಮಾಡಿ ನಿಂತ. ಆಮೇಲೆ ಔರಾದಿಗೆ ಹೋಗಿ ಅಕ್ಕನ ಫೋನಿನಲ್ಲಿ ಅಂಕಿಯ ಆ್ಯಪ್ ಕೂಡಿಸಿದ. ಆಪತ್ತಿಗೆ ಇರಲಿ ಎಂದು ಕಂಪನಿ ಕೊಟ್ಟಿದ್ದ ಹೆಚ್ಚುವರಿ ಅಂಕಿಗಳ ಕಾಗದವನ್ನು ನಮ್ಮ ಕಣ್ಣೆದುರೇ ಹರಿದು ಚಹಾದ ಅಂಗಡಿಯ ಬಕೀಟಿಗೆ ಹಾಕಿ, ಒಬ್ಬೊಬ್ಬರಿಗೆ ಎರಡೆರಡು ಪೇಡೆ ಹಂಚಿದ.

“ಈಗ ನಾನೂ ತಗೀಲಾಕ ಬರಲ್ಲ ರಸೂಲ್ ಭಾಯಿ!” ಎಂದ. ಅಷ್ಟು ಹೆಮ್ಮೆ ಅವನ ಮುಖದಲ್ಲಿ ಅವನ ಲಗ್ನದ ದಿನವೂ ಇರಲಿಲ್ಲ.

ಒಂದು ಸಂಗತಿ ಅವನ ಲೆಕ್ಕದಿಂದ ಬಿಟ್ಟುಹೋಗಿತ್ತು. ಮಡೆಪ್ಪ ಮತ್ತು ಶಿವಕಾಂತಾ ಆರು ವರ್ಷದಿಂದ ಮಾತು ಬಿಟ್ಟಿದ್ದರು. ಅದು ಅವನಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಚೆನ್ನಾಗಿ ಗೊತ್ತಿತ್ತು. ಆದರೆ ಅವನ ತಲೆಯಲ್ಲಿ ಕಂಪ್ಯೂಟರು ಒಂದು ಕೋಣೆ, ಮನೆತನ ಇನ್ನೊಂದು ಕೋಣೆ. ಮಧ್ಯದ ಬಾಗಿಲನ್ನು ಅವನು ತೆಗೆಯುವುದೇ ಕಡಿಮೆ.

ಮಂಗಳವಾರ ಬೆಳಿಗ್ಗೆ ಭಾಲ್ಕಿಯಿಂದ ಮಡೆಪ್ಪನ ಫೋನು ಬಂತು. ಅವನ ಮಗಳು ಬಸವೇಶ್ವರಿ ಹೆಣ್ಣುಕೂಸು ಹಡೆದು ತವರಿನಲ್ಲಿದ್ದಳು. ಗುರುವಾರ ಕೂಸನ್ನು ತೊಟ್ಟಿಲಿಗೆ ಹಾಕುವುದು. ಅಜ್ಜಿಯ ಹಾಡು ಬೇಕೇ ಬೇಕೆಂದು ಅವಳು ಕೂತುಬಿಟ್ಟಿದ್ದಳು.

“ಪಾಸ್‌ವರ್ಡ್ ಹೊಡದೀನಿ. ಆರು ಅಂಕಿ ಕೇಳ್ಲತ್ತದ. ಹೇಳು,” ಎಂದ ಮಡೆಪ್ಪ.

“ಅದು ನನ್ನ ಹಂತ್ಯಾಕಿಲ್ಲಣ್ಣ. ಅಕ್ಕನ ಹಂತ್ಯಾಕ ಅದ. ಫೋನ್ ಮಾಡಿ ಕೇಳು.”

ಲೈನು ಹೋಯಿತೆಂದು ಹಾವಗೆಪ್ಪ ಮೂರು ಸಲ ಹಲೋ ಎಂದ.

“ನಾ ಕೇಳಲ್ಲ,” ಎಂದ ಮಡೆಪ್ಪ.

ಹಾವಗೆಪ್ಪ ಔರಾದಿಗೆ ಹಚ್ಚಿದ. ಅಲ್ಲಿಂದ ಶಿವಕಾಂತಾ, “ಬೇಕಾದವರು ತಮ್ಮ ಬಾಯಿಲಿ ಕೇಳ್ಲಿ, ಕೊಡ್ತೇನಿ,” ಎಂದಳು. ಆಮೇಲೆ ತಮ್ಮನ ಮೇಲಿನ ಮಮತೆಗೆ ಸ್ವಲ್ಪ ಇಳಿದು, “ನಿನಗ ಹೇಳ್ತೇನಿ. ನೀ ಯಾರಿಗಿ ಹೇಳ್ತಿ ಅದು ನನಗ ಗೊತ್ತಿಲ್ಲ,” ಎಂದಳು.

ಹೀಗೆ ಹಾವಗೆಪ್ಪ ಎಡಗಿವಿಗೆ ಔರಾದು, ಬಲಗಿವಿಗೆ ಭಾಲ್ಕಿ ಹಿಡಿದು ನಡುವೆ ನಿಂತ. ನಾನು ಸಾಲೆಯ ಓಟದ ಪಂದ್ಯಕ್ಕೆಂದು ರಿಪೇರಿಗೆ ಬಂದಿದ್ದ ಸ್ಟಾಪ್‌ವಾಚು ಹಿಡಿದು ಕೂತೆ. ಝೆರಾಕ್ಸಿಗೆ ಬಂದಿದ್ದ ನಾಲ್ಕು ಜನ ತಮ್ಮ ಕೆಲಸ ಬಿಟ್ಟು ಸುತ್ತ ನಿಂತರು.

“ಅಕ್ಕ, ಹೇಳು!”

“ಹೇಳ್ತೇನಿ, ತಡಿ, ಚಷ್ಮಾ ಹಾಕೊಳ್ತೇನಿ. ಉಂಡೀಯೇನೋ? ನಿನ್ನ ಹೆಂಡ್ತಿ ಮೊಣಕಾಲು ಹ್ಯಾಂಗದ?”

“ಹದಿನೆಂಟು,” ಎಂದೆ ನಾನು, ಸ್ಟಾಪ್‌ವಾಚು ನೋಡಿ.

“ಹದಿನೆಂಟು ಅಂದ್ಯಾ?” ಎಂದು ಭಾಲ್ಕಿಯಲ್ಲಿ ಮಡೆಪ್ಪ ಹದಿನೆಂಟನ್ನು ಒತ್ತಿಯೇಬಿಟ್ಟ. ಮೊದಲನೆಯ ಪ್ರಯತ್ನ ಹೀಗೆ ಹೋಯಿತು.

ಎರಡನೆಯ ಸಲ ಮಡೆಪ್ಪ ಅಂಕಿಗಳನ್ನು ಮೊದಲು ಚೀಟಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಆಮೇಲೆ ಹೊಡೆಯಲು ಹೋದ. ಅಷ್ಟರಲ್ಲಿ ಅಂಕಿ ಹಳತಾಗಿತ್ತು. ಮೂರನೆಯ ಸಲ ಎಲ್ಲವೂ ನೆಟ್ಟಗೆ ನಡೆಯುತ್ತಿತ್ತು.

“ಲಾಭ, ನಾಕು, ನಾಕು, ಒಂಬತ್ತು,” ಎಂದು ಶಿವಕಾಂತಾ ಶುರುಮಾಡಿದಳು. ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯ ಸೇರಿಗೆ ‘ಒಂದು’ ಎನ್ನುವುದಿಲ್ಲ, ಶುಭಕ್ಕೆಂದು ‘ಲಾಭ’ ಎನ್ನುತ್ತಾರೆ. ಎರಡರಿಂದ ಮುಂದೆ ಮಾಮೂಲಿ ಎಣಿಕೆ. ಹಾವಗೆಪ್ಪ ಕಂಪ್ಯೂಟರಿನ ಮನುಷ್ಯ, “ಒಂದು, ನಾಕು,” ಎಂದು ದಾಟಿಸಿದ.

“ಒಂದು ಅಂತೀಯೇನೋ ಮಬ್ಬ!” ಎಂದು ಮಡೆಪ್ಪ ಗುಡುಗಿದ. “ಕೂಸಿನ ಕೆಲಸ ಅದ. ಲಾಭ ಅನ್ನು!”

ಅದು ಎಡಗಿವಿಯ ಫೋನಿಗೂ ಕೇಳಿಸಿತು. “ಅಷ್ಟೂ ತಿಳೀವಲ್ದೇನೋ ನಿನಗ?” ಎಂದು ಶಿವಕಾಂತಾಳೂ ಬೈದಳು. ಅಣ್ಣ ತಂಗಿ ಆರು ವರ್ಷದಲ್ಲಿ ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು. ಅದನ್ನು ಅವರಿಬ್ಬರೂ ಗಮನಿಸಲಿಲ್ಲ, ನಾನು ಗಮನಿಸಿದೆ. ಮೂವತ್ತೊಂದು ಸೆಕೆಂಡು ಆಗಿತ್ತು.

ನಾಲ್ಕನೆಯದರಲ್ಲಿ ಔರಾದಿನ ಟವರು ಕೈಕೊಟ್ಟಿತು. ಐದನೆಯದು ಹೇಗೆ ತಪ್ಪಿತೋ ತಿಳಿಯದು, ಆ ಹೊತ್ತಿಗೆ ಸುತ್ತಲಿದ್ದವರೆಲ್ಲ ತಲೆಗೊಂದು ಅಂಕಿ ಹೇಳುತ್ತಿದ್ದರು. ಐದು ಸಲ ತಪ್ಪಾದ ಮೇಲೆ ಕಂಪನಿಯ ಬಾಗಿಲು ಎರಡು ದಿನಕ್ಕೆ ಮುಚ್ಚಿಕೊಂಡಿತು. ಗುರುವಾರ ಹತ್ತೂವರೆಗೆ ಮತ್ತೆ ತೆರೆಯುತ್ತದೆ. ತೊಟ್ಟಿಲಿನ ಮುಹೂರ್ತ ಹನ್ನೊಂದಕ್ಕೆ.

ಹಾವಗೆಪ್ಪ ಟ್ರಂಕಿನ ಅಂಚಿಗೆ ಕುಸಿದು ಕೂತ. “ಅವ್ವನ ಹಾಡು ಹೋಯ್ತು ರಸೂಲ್ ಭಾಯಿ. ನನ್ನ ಕೈಯಾರೆ ಕೀಲಿ ಹಾಕಿದೆ,” ಎಂದ. ರತ್ನದೀಪ ಏನೋ ಹೇಳಲು ಬಾಯಿ ತೆರೆದ, ನಾನು ಕಣ್ಣಿನಲ್ಲೇ ಸುಮ್ಮನಿರಿಸಿದೆ.

ಬುಧವಾರ ಅಕ್ಕನ ಫೋನನ್ನೇ ತಂದುಬಿಡೋಣ ಎಂದು ಹೊರಟೆವು. ನಾನ್ಯಾಕೆ ಎಂದರೆ, “ಟೈಮ್ ಹಿಡಿಯಾಕ,” ಎಂದ ಹಾವಗೆಪ್ಪ. ಒಬ್ಬನೇ ಹೋಗಲು ಧೈರ್ಯವಿಲ್ಲ ಎಂಬುದಕ್ಕೆ ಅವನ ಭಾಷೆಯಲ್ಲಿ ಹಾಗೆನ್ನುತ್ತಾರೆ. ಔರಾದಿನ ಬಸ್ಸು ಸಂತಪುರದಲ್ಲಿ ಅರ್ಧ ತಾಸು ನಿಂತಿತು, ಯಾಕೆಂದು ಕಂಡಕ್ಟರನಿಗೂ ಗೊತ್ತಿರಲಿಲ್ಲ.

ಶಿವಕಾಂತಾ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ ಬಡಿಸಿದಳು. ಫೋನು ಮಾತ್ರ ಕೊಡಲಿಲ್ಲ.

“ಅವ್ವ ನನ್ನ ಕೈಯಾಗ ಕೊಟ್ಟ ಚಾವಿ ನಾ ಯಾರ ಕೈಯಾಗೂ ಕೊಟ್ಟಿಲ್ಲ. ಇದೂ ಚಾವಿ ಅಂತ ನೀನೇ ಅಂದಿ. ಚಾವಿ ಬರಬೇಕಂದ್ರ ಚಾವಿ ಇದ್ದಾಕಿ ಬರ್ಬೇಕು. ಇದ್ದಾಕಿಗಿ ಕರೀಬೇಕು.”

“ತೊಟ್ಟಿಲ ಕಾರ್ಡ್ ಬಂದಿಲ್ಲೇನಕ್ಕ?”

ಕಾರ್ಡು ಎಂದದ್ದೇ ತಡ, ಅವಳು ಎದ್ದು ಹೋಗಿ ಕನ್ನಡಿಯ ಹಿಂದಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದಳು. ಅದರೊಳಗೆ ಆರು ವರ್ಷದ ಹಿಂದಿನ ಬಸವೇಶ್ವರಿಯ ಲಗ್ನದ ಕಾರ್ಡು ಒಂದಿಷ್ಟೂ ಮುಕ್ಕಾಗದೆ ಇತ್ತು. “ಓದು. ಸುಖಾಗಮನ ಬಯಸುವವರು. ಊರ ಮಂದಿ ಎಲ್ಲಾ ಇದ್ದಾರ. ನಮ್ಮ ಮನಿಯವರ ಹೆಸರು ಎಲ್ಲದ? ಮನಿ ಅಳಿಯ ಅವರು. ಅಣ್ಣಗ ಬ್ಯಾಡಾದ್ವಿ, ಅಷ್ಟೇ.”

ಅವಳ ಗಂಡ ವೀರಭದ್ರ ಮೂಲೆಯಲ್ಲಿ ಕೂತು ನೆಮ್ಮದಿಯಿಂದ ರೊಟ್ಟಿ ಮುರಿಯುತ್ತಿದ್ದ. “ನನಗ ಏನೂ ಅನಿಸಿಲ್ರಿ ಸಾಬ್. ಹೆಸರಿನಾಗ ಏನದ?” ಎಂದು ನನಗೆ ಹೇಳಿದ.

“ನೀವು ಸುಮ್ ಕೂಡ್ರಿ. ನಿಮಗ ಅನಿಸಂಗಿಲ್ಲಂತ್ಲೇ ನನಗ ಅನಿಸ್ತದ,” ಎಂದಳು ಶಿವಕಾಂತಾ. ಅವಳ ಕಣ್ಣು ತುಂಬಿತ್ತು. ಹಾವಗೆಪ್ಪ ಏನೋ ಹೇಳಲು ಹೋಗಿ, ಬೇಡದ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಅಲ್ಲಿಂದ ಭಾಲ್ಕಿಯ ಬಸ್ಸು. ಮಡೆಪ್ಪನ ದಾಲ್ ಅಂಗಡಿಯಲ್ಲಿ ಚಹಾ ಬಂತು. ವಿಷಯ ತೆಗೆದ ಕೂಡಲೇ ಅವನೂ ದುಡ್ಡಿನ ಗಲ್ಲೆಯ ಕೆಳಗಿನಿಂದ ಒಂದು ಕಾಗದ ತೆಗೆದ. ಆ ಲಗ್ನದ ಕಾರ್ಡಿಗೆಂದು ಅವನೇ ಕೈಯಿಂದ ಬರೆದಿದ್ದ ಹೆಸರುಗಳ ಪಟ್ಟಿ. ಮೊದಲನೆಯ ಸಾಲಿನಲ್ಲೇ ‘ಶ್ರೀ ವೀರಭದ್ರ, ಔರಾದ’ ಎಂದಿತ್ತು, ಕೆಳಗೆ ಎರಡು ಗೆರೆ.

“ನೋಡ್ರಿ ರಸೂಲ್ ಸಾಬ್. ಎಲ್ಲಾರಿಗಿಂತ ಮೊದಲ ಬರದೀನಿ. ಕಾರ್ಡಿನ್ಯಾಗ ಹ್ಯಾಂಗ ಹೋಯ್ತೋ ಆ ದೇವರಿಗೇ ಗೊತ್ತು. ಒಂದು ಮಾತು ಕೇಳಬಾರ್ದೇನು ಆಕಿ? ಸೀದಾ ಲಗ್ನಕ್ಕೇ ಬರಲಿಲ್ಲ. ಅಕ್ಷತಿ ಹಾಕೋ ಟೈಮಿನ್ಯಾಗ ನಾ ಬಾಗಿಲ ಕಡೀನೇ ನೋಡ್ಕೋತ ನಿಂತಿದ್ದೆ.”

ದೇವರಿಗೆ ಗೊತ್ತಿತ್ತು ನಿಜ. ಇನ್ನಿಬ್ಬರಿಗೂ ಗೊತ್ತಿತ್ತು. ಒಬ್ಬ ನಾನು, ಇನ್ನೊಬ್ಬ ಆ ಹೊತ್ತಿಗೆ ಮೇಲಿನ ಫ್ಯಾನನ್ನು ಅತಿ ಶ್ರದ್ಧೆಯಿಂದ ನೋಡುತ್ತಿದ್ದ ಹಾವಗೆಪ್ಪ. ಆ ಕಾರ್ಡನ್ನು ಟೈಪು ಮಾಡಿದವನು ಅವನೇ. ಒಂದು ಸಾಲು ಕಾರ್ಡಿನಿಂದ ಹೊರಗೆ ಹೋಗುತ್ತಿತ್ತು. ಅಂಚಿನ ಹೂವಿನ ಬಳ್ಳಿ ತೆಗಿ ಎಂದು ನಾನು ಅಂದೆ. ಹೂವಿಲ್ಲದ ಕಾರ್ಡು ಚೆಂದ ಕಾಣುವುದಿಲ್ಲ ಎಂದು ಅವನು ಭಾವನನ್ನು ತೆಗೆದ. ವೀರಭದ್ರ ಮಾಮಾ ನಮ್ಮ ಮನೆಯವನು, ಏನೂ ಅಂದುಕೊಳ್ಳುವುದಿಲ್ಲ ಎಂದ. ಮಾಮಾ ಅಂದುಕೊಳ್ಳಲೂ ಇಲ್ಲ. ಕೂಡಲೇ ಹೇಳಿದ್ದರೆ ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತು. ದಿನ ಕಳೆದಂತೆ ಹೇಳುವುದು ಕಷ್ಟವಾಗುತ್ತ ಹೋಯಿತು. ನಾನಾದರೂ ಹೇಳಬಹುದಿತ್ತು. ಇನ್ನೊಬ್ಬರ ಮನೆಯ ಮಾತು ನನಗ್ಯಾಕೆ ಎಂದು ಸುಮ್ಮನಿದ್ದೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಸಂಜೆ ಬೀದರಿಗೆ ಬಂದಾಗ ಹಾವಗೆಪ್ಪನ ಹೆಂಡತಿ ಸಿದ್ದೇಶ್ವರಿ ಎಲ್ಲ ಕೇಳಿಸಿಕೊಂಡಳು. ಕಾರ್ಡಿನ ಗುಟ್ಟನ್ನೂ ಅವಳು ಅವನ ಮುಖದಿಂದಲೇ ಹೊರಗೆ ತೆಗೆದಳು.

“ಅತ್ತಿ ಟ್ರಂಕಿನಾಗ ಏನಿತ್ತು? ಎರಡು ಹಳೇ ಇಳಕಲ್ ಸೀರಿ, ಒಂದು ಕೌದಿ. ಅದು ಯಾರು ಕದೀತಿದ್ರು? ಕಳ್ಳರ ಸಲುವಾಗಿ ಹಾಕಿದ ಕೀಲಿ ಅಲ್ಲ ಅದು. ಮಕ್ಕಳು ವರ್ಷಕ್ಕ ನಾಕು ಸಲ ಕೂಡ್ಲಿ ಅಂತ ಹಾಕಿದ್ಳು. ಹೋಗಿ ಖರೇ ಹೇಳ್ರಿ.”

“ಹೇಳಿದ್ರ ಇಬ್ಬರೂ ನನ್ನ ಸಂಗಟ ಮಾತು ಬಿಟ್ರ?” ಎಂದ ಹಾವಗೆಪ್ಪ. “ಅವರು ಜಗಳಾಡಿದ್ರ ಬರ್ಲಿಕ್ಕೆ ಇಬ್ಬರಿಗೂ ನಾ ಒಬ್ಬ ಇದ್ದೇನಿ. ಆಮ್ಯಾಲ ನಾ ಯಾರ ಮನಿಗಿ ಹೋಗ್ಲಿ?” ಐವತ್ತೆರಡು ವರ್ಷದ ಮನುಷ್ಯ ಅದನ್ನು ಐದು ವರ್ಷದವನ ಹಾಗೆ ಕೇಳಿದ. ಸಿದ್ದೇಶ್ವರಿ ಅವನ ತಟ್ಟೆಗೆ ಸ್ವಲ್ಪ ಮೊಸರು ಹಾಕಿದಳು.

ಗುರುವಾರ ಭಾಲ್ಕಿಯಲ್ಲಿ ಮಡೆಪ್ಪನ ಮನೆ ತುಂಬಿತ್ತು. ಹೊಸ ಸೀರೆ ಕಟ್ಟಿದ ತೊಟ್ಟಿಲು, ಗುಗ್ಗರಿ, ಹುಗ್ಗಿಯ ವಾಸನೆ. ನಡುಮನೆಯ ಮೇಜಿನ ಮೇಲೆ, ದೇವರ ಫೋಟೊ ಇಡುವಷ್ಟೇ ಭಕ್ತಿಯಿಂದ, ದಾಲ್ ಅಂಗಡಿಯ ಕಂಪ್ಯೂಟರನ್ನು ತಂದು ಇಟ್ಟಿದ್ದರು. ಯಾರೋ ಅದಕ್ಕೂ ಕುಂಕುಮ ಹಚ್ಚಿದ್ದರು. ಹತ್ತೂವರೆಗೆ ಬಾಗಿಲು ತೆರೆಯಿತು. ಮಡೆಪ್ಪ ಪಾಸ್‌ವರ್ಡು ಹೊಡೆದ. ಹಾವಗೆಪ್ಪ ಅಕ್ಕನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಮೂವತ್ತು ನಲವತ್ತು ಜನ ಉಸಿರು ಬಿಗಿಹಿಡಿದು ನಿಂತರು.

“ಅಕ್ಕ, ಎಲ್ಲಿದ್ದಿ?”

“ಎಲ್ಲಿರ್ತೇನಿ? ಔರಾದಿನ್ಯಾಗ, ನಮ್ಮ ಮನ್ಯಾಗ. ಹಿಟ್ಟು ನಾದ್ಲತ್ತೀನಿ.”

“ಅಂಕಿ ಹೇಳಕ್ಕ.”

“ಬೇಕಾದವರು ಕೇಳ್ಲಿ.”

ಎಲ್ಲರೂ ಮಡೆಪ್ಪನ ಕಡೆ ನೋಡಿದರು. ಮಡೆಪ್ಪ ಗೋಡೆಯ ಕ್ಯಾಲೆಂಡರು ನೋಡಿದ. ಬಸವೇಶ್ವರಿ, “ಅಪ್ಪಾ,” ಎಂದಳು. ಕೂಸು ಅಳಲು ಶುರುಮಾಡಿತು. ಮಡೆಪ್ಪ ಕ್ಯಾಲೆಂಡರಿನ ಮುಂದಿನ ತಿಂಗಳನ್ನೂ ತಿರುವಿ ನೋಡಿದ.

ಅಷ್ಟರಲ್ಲಿ ಫೋನಿನೊಳಗಿನಿಂದ ಒಂದು ಘನಗಂಭೀರ ಧ್ವನಿ ಮೊಳಗಿತು: “ಪ್ರಯಾಣಿಕರ ಗಮನಕ್ಕೆ. ಭಾಲ್ಕಿಯಿಂದ ಕಮಲನಗರ ಮಾರ್ಗವಾಗಿ ಉದಗೀರಿಗೆ ಹೋಗುವ ಬಸ್ಸು ನಾಲ್ಕನೇ ಅಂಕಣದಲ್ಲಿ ನಿಂತಿದೆ.”

ಎಲ್ಲರೂ ಮೇಜಿನ ಮೇಲಿನ ಫೋನಿನ ಕಡೆ ತಿರುಗಿದರು.

“ಟಿ.ವಿ. ಅದು,” ಎಂದಳು ಶಿವಕಾಂತಾ ಫೋನಿನಲ್ಲಿ.

“ಇದು ನಮ್ಮ ಭಾಲ್ಕಿ ಬಸ್ ಸ್ಟ್ಯಾಂಡ್ ಅಲಾ?” ಎಂದ ಮಡೆಪ್ಪ, ತನ್ನಷ್ಟಕ್ಕೇ. ಹೆಗಲ ಮೇಲಿನ ಟವೆಲು ಅಲ್ಲೇ ಬಿತ್ತು, ಚಪ್ಪಲಿ ಮೆಟ್ಟುವುದನ್ನೂ ಮರೆತು ಬರಿಗಾಲಲ್ಲಿ ಹೊರಟ. ಹಿಂದೆ ಹಾವಗೆಪ್ಪ, ಅವನ ಹಿಂದೆ ಸ್ಟಾಪ್‌ವಾಚು ಹಿಡಿದ ನಾನು, ನಮ್ಮ ಹಿಂದೆ ಕಾರಣ ಗೊತ್ತಿಲ್ಲದ ಏಳೆಂಟು ನೆಂಟರು.

ಶಿವಕಾಂತಾ ಬಸ್ ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ ಕೂತಿದ್ದಳು. ಮುಂಜಾನೆಯ ಮೊದಲನೆಯ ಬಸ್ಸಿಗೇ ಬಂದು, ಕರೆಯದ ಮನೆಗೆ ಹೋಗುವುದು ಹೇಗೆಂದು ಮೂರು ತಾಸಿನಿಂದ ಅಲ್ಲೇ ಕೂತಿದ್ದಳಂತೆ. ಪಕ್ಕದಲ್ಲಿ ವೀರಭದ್ರ ಬಾಳೆಹಣ್ಣು ತಿನ್ನುತ್ತಿದ್ದ. ಅವಳ ತೊಡೆಯ ಮೇಲಿನ ಚೀಲದಿಂದ ಕೆಂಪು ಕುಂಚಿಗೆಯೊಂದು ಇಣುಕುತ್ತಿತ್ತು, ಕೂಸಿನ ತಲೆಗೆ ಹಾಕುವಂಥದು, ಅಂಚಿಗೆಲ್ಲ ಕೈಯಿಂದ ಹಾಕಿದ ಹೊಲಿಗೆ.

ಮಡೆಪ್ಪ ಹತ್ತು ಹೆಜ್ಜೆ ದೂರದಲ್ಲಿ ನಿಂತು ಬಸ್ಸಿನ ವೇಳಾಪಟ್ಟಿ ಓದತೊಡಗಿದ. ಶಿವಕಾಂತಾ ಎದ್ದು ನಿಂತು ಅದೇ ವೇಳಾಪಟ್ಟಿಯನ್ನು ಇನ್ನೊಂದು ಬದಿಯಿಂದ ಓದತೊಡಗಿದಳು. ಇಬ್ಬರೂ ಬಹಳ ಶ್ರದ್ಧೆಯಿಂದ ಓದಿದರು. ಬಾಳೆಹಣ್ಣು ಮುಗಿಯಿತು, ಉದಗೀರಿನ ಬಸ್ಸು ಹೊರಟಿತು, ಓದು ಮುಗಿಯಲಿಲ್ಲ. ಆಗ ಹಾವಗೆಪ್ಪ ನಡುವೆ ಹೋಗಿ ನಿಂತ.

“ನಾನೇ ತಗದಿದ್ದೆ,” ಎಂದ. “ಕಾರ್ಡಿನ್ಯಾಗಿಂದ ಮಾಮಾನ ಹೆಸರು. ಅಣ್ಣ ಬರ್ದಿದ್ದ, ಮೊದಲ ಸಾಲಿಗೇ ಬರ್ದಿದ್ದ. ಜಾಗ ಸಾಲ್ಲಿಲ್ಲ. ಹೂವು ತಗೀಲಾಕ ಮನಸು ಬರ್ಲಿಲ್ಲ. ಆರು ವರ್ಷ ಬಾಯಿ ಮುಚ್ಚಿಕೊಂಡು ಇಬ್ಬರ ಮನ್ಯಾಗೂ ಉಂಡೆ. ಹೊಡೀರಿ ಬೇಕಾದ್ರ. ಮಾತು ಮಾತ್ರ ಬಿಡಬ್ಯಾಡ್ರಿ.”

“ಹೂವು?” ಎಂದ ಮಡೆಪ್ಪ.

“ಹೂವಿನ ಸಲುವಾಗಿ?” ಎಂದಳು ಶಿವಕಾಂತಾ.

ಇಬ್ಬರೂ ತಮ್ಮನನ್ನು ನೋಡಿದರು. ಆಮೇಲೆ, ಇಂಥದನ್ನು ಒಬ್ಬರೇ ನಂಬಲಾಗದು ಎಂಬಂತೆ, ಒಬ್ಬರನ್ನೊಬ್ಬರು ನೋಡಿದರು.

“ಕೇಳಿದ್ಯಾ ಶಿವಾ ಇವನ ಮಾತು?”

“ಕೇಳಿದೆ ಅಣ್ಣ. ಸಣ್ಣಂವ, ಸಣ್ಣಂವ ಅಂತ ಅವ್ವ ತಲಿ ಮ್ಯಾಲ ಕೂಡ್ಸಿಕೊಂಡಿದ್ಳು.”

“ಅದಕೇ ಇವಗ ಚಾವಿ ಕೊಡ್ಲಿಲ್ಲ ಆಕಿ!”

“ಕೊಟ್ಟಿದ್ರ ಟ್ರಂಕೇ ಕಳೀತಿದ್ದ! ನನ್ನ ಬೆಳ್ಳಿ ಕಾಲುಂಗರ ಕಳದಿದ್ದು ಯಾರು?”

“ನನ್ನ ಸೈಕಲ್ ಸಂತ್ಯಾಗ ಮರ್ತು ಬಂದಿದ್ದು ಯಾರು?”

ನನ್ನ ಸ್ಟಾಪ್‌ವಾಚಿನ ಪ್ರಕಾರ ಅವರು ಹಾವಗೆಪ್ಪನನ್ನು ಹನ್ನೊಂದು ನಿಮಿಷ ಒಂದೇ ಸಮನೆ ಬೈದರು. ಅಣ್ಣ ನಿಲ್ಲಿಸಿದಲ್ಲಿ ತಂಗಿ ಎತ್ತಿಕೊಂಡಳು, ತಂಗಿ ಮರೆತದ್ದನ್ನು ಅಣ್ಣ ನೆನಪಿಸಿದ. ಹಾವಗೆಪ್ಪ ತಲೆ ತಗ್ಗಿಸಿ ನಿಂತಿದ್ದ. ಅವನ ಕಣ್ಣಿನಿಂದ ನೀರು ಹರಿಯುತ್ತಿತ್ತು, ಬಾಯಿ ಮಾತ್ರ ಕಿವಿಯವರೆಗೆ ನಗುತ್ತಿತ್ತು. ಬೈಸಿಕೊಂಡು ಅಷ್ಟು ಸುಖಪಟ್ಟ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ಕೊನೆಗೆ ವೀರಭದ್ರನೇ ಸಿಪ್ಪೆ ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡು, “ಕೂಸಿಗಿ ತೊಟ್ಟಿಲಿಗಿ ಹಾಕೋದು ಇವತ್ತೇ ಏನ್ರಿ?” ಎಂದು ವಿನಯದಿಂದ ಕೇಳಿದ.

ಮಡೆಪ್ಪ ತಂಗಿಯ ಕೈಯಿಂದ ಚೀಲ ತೆಗೆದುಕೊಂಡ. “ನಡಿ ಶಿವಾ. ಕರೀಲಿಕ್ಕೆ ಬಂದೀನಿ,” ಎಂದ. ಅಷ್ಟು ಹೇಳಲು ಅವನಿಗೆ ಆರು ವರ್ಷ ಹಿಡಿದಿತ್ತು.

ಮುಹೂರ್ತ ಮೀರಿ ಇಪ್ಪತ್ತು ನಿಮಿಷವಾಗಿತ್ತು. ಶಾಸ್ತ್ರ ಹೇಳುವ ಸ್ವಾಮಿಗಳು ಏನೂ ಅನ್ನಲಿಲ್ಲ, ಬಾಗಿಲಲ್ಲಿ ಅಣ್ಣ ತಂಗಿ ಒಟ್ಟಿಗೆ ಬಂದದ್ದನ್ನು ನೋಡಿ ಅವರೂ ಕಣ್ಣು ಒರೆಸಿಕೊಂಡರು. ಇಬ್ಬರನ್ನೂ ಕಂಪ್ಯೂಟರಿನ ಮುಂದೆ ಒಂದೇ ಬೆಂಚಿನ ಮೇಲೆ ಕೂಡಿಸಿದರು. ಶಿವಕಾಂತಾ ಚಷ್ಮಾ ಏರಿಸಿ ಫೋನು ನೋಡಿದಳು. ಅಂಕಿ ಎರಡರಿಂದ ಶುರುವಾಗುತ್ತಿತ್ತು.

“ತಡಿ, ಇದು ಹೋಗ್ಲಿ. ಲಾಭದಿಂದ ಬರ್ಲಿ,” ಎಂದಳು.

“ಹೌದು, ಬರ್ಲಿ,” ಎಂದ ಮಡೆಪ್ಪ.

ನಾಲ್ಕು ಅಂಕಿ ಬಿಟ್ಟೆವು, ಐದು ಬಿಟ್ಟೆವು. ಹಾವಗೆಪ್ಪ ಉಗುರು ಕಚ್ಚಿದ. ಮನೆ ತುಂಬ ಜನ ಮೂವತ್ತು ಸೆಕೆಂಡುಗಳ ಮೇಲೆ ಮೂವತ್ತು ಸೆಕೆಂಡು ಕಾದರು. ಆರನೆಯದೋ ಏಳನೆಯದೋ ಒಂದರಿಂದ ಶುರುವಾಯಿತು. “ಲಾಭ!” ಎಂದಳು ಶಿವಕಾಂತಾ. “ಲಾಭ!” ಎಂದು ಇಡೀ ಮನೆ ಕೂಗಿತು. ಒಂದೊಂದನ್ನೇ ಅವಳು ಹೇಳಿದಳು, ಒಂದೊಂದನ್ನೇ ಅವನು ಒತ್ತಿದ. ಹದಿನೇಳು ಸೆಕೆಂಡು. ಹಗೇವು ತೆರೆಯಿತು.

ಭೀಮಬಾಯಿಯ ಧ್ವನಿ ಬಂತು. ಮೊದಲು ಕೆಮ್ಮು, ಆಮೇಲೆ “ಹಿಡದೀಯೇನೋ ಹಾವಗ್ಯಾ?” ಎಂಬ ಮಾತು, ಆಮೇಲೆ ಹಾಡು. ಸ್ವಲ್ಪ ಒಡಕು ಧ್ವನಿ, ಆದರೆ ತೊಟ್ಟಿಲು ತೂಗುವ ಗತಿಗೆ ಸರಿಯಾಗಿ ನಡೆಯುವ ಧ್ವನಿ.

ತೊಗರಿ ಅರಳ್ಯಾದ ಹೊಲದ ಕಡಿ, ಜೋ ಜೋ
ಮಾಮ ಬರ್ತಾನ ಬಂಡಿ ಹೂಡಿ, ಜೋ ಜೋ

ಅಷ್ಟಕ್ಕೆ ಹಾಡು ಟಕ್ಕೆಂದು ನಿಂತಿತು. ಹಾವಗೆಪ್ಪ ಗುಂಡಿಗಳನ್ನೆಲ್ಲ ಒತ್ತಿದ. ಇರುವುದೇ ಅಷ್ಟು. ಹನ್ನೊಂದು ವರ್ಷದ ಹಿಂದೆ ಫೋನು ತುಂಬಿ ಅಲ್ಲಿಗೇ ಕಡಿದುಹೋಗಿತ್ತು, ಹಿಡಿದವನು ನೋಡಿಕೊಂಡಿರಲಿಲ್ಲ. ಅವನು ಬಾಯಿ ತೆರೆದು ನಿಂತ. ಯಾರಿಗೂ ಅವನನ್ನು ಬೈಯಲೂ ಮನಸ್ಸಾಗಲಿಲ್ಲ.

ಅತ್ತಿ ತಂದಾಳ ಕುಂಚಿಗಿ ನೋಡಿ, ಜೋ ಜೋ

ಅದು ಕಂಪ್ಯೂಟರಿನಿಂದ ಬಂದದ್ದಲ್ಲ. ಶಿವಕಾಂತಾ ಕೂಸಿಗೆ ಕೆಂಪು ಕುಂಚಿಗೆ ಕಟ್ಟುತ್ತ, ಯಾರೂ ಕೇಳದೆ, ಕಣ್ಣೆತ್ತದೆ, ಮುಂದಿನ ಸಾಲು ಎತ್ತಿಕೊಂಡಿದ್ದಳು. ಅದೇ ಒಡಕು, ಅದೇ ಗತಿ. ಮಡೆಪ್ಪ ತೊಟ್ಟಿಲಿನ ಹಗ್ಗ ಹಿಡಿದು ತೂಗಿದ. ಆಮೇಲೆ ಎಷ್ಟೋ ನುಡಿಗಳು ಬಂದವು, ನಾನು ಹೊತ್ತು ಹಿಡಿಯಲಿಲ್ಲ. ಕೂಸಿಗೆ ಇಟ್ಟ ಹೆಸರು ಉದ್ದವಾಗಿತ್ತು, ಅದೂ ಮರೆತಿದೆ. ಕೂಸು ನಿದ್ದೆ ಮಾಡಿತು ಎಂಬುದು ಮಾತ್ರ ನೆನಪಿದೆ.

ಈಗ ರತ್ನದೀಪ ದಿನಾ ಹೇಳುತ್ತಾನೆ, ಇನ್ನಾದರೂ ಎರಡೂ ಚಾವಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಎಂದು. ಹಾವಗೆಪ್ಪನೂ ಒಪ್ಪಿ ಅಣ್ಣನನ್ನು ಕೇಳಿದ. “ಹಂಗೇ ಇರ್ಲಿ,” ಎಂದ ಮಡೆಪ್ಪ. ಅಕ್ಕನನ್ನು ಕೇಳಿದ. “ಹಂಗೇ ಇರ್ಲಿ,” ಎಂದಳು. ಈಗ ಗುರುವಾರಕ್ಕೊಮ್ಮೆ ಮಡೆಪ್ಪ ಅಂಗಡಿಯಲ್ಲಿ ಕೂತು ಪಾಸ್‌ವರ್ಡು ಹೊಡೆದು, ಅಂಕಿ ಕೇಳಲೆಂದು ಔರಾದಿಗೆ ಫೋನು ಹಚ್ಚುತ್ತಾನೆ.

ಮೊನ್ನೆ ಗುರುವಾರ ನಾನು ಹಾವಗೆಪ್ಪನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಅವನಿಗೆ ಮಡೆಪ್ಪನ ಫೋನು ಬಂತು.

“ಹಾವಗ್ಯಾ, ಹಗೇವು ತಗೀಲಿಲ್ಲೋ.”

“ಯಾಕಣ್ಣ? ಅಕ್ಕ ಫೋನ್ ಎತ್ಲಿಲ್ಲೇನು?”

“ಎತ್ತಿದ್ಳು. ಒಂದೂವರಿ ತಾಸು ಮಾತಾಡಿದ್ವಿ,” ಎಂದ ಮಡೆಪ್ಪ. “ಅಂಕಿ ಕೇಳೋದೇ ಮರ್ತೆ.”